ಮೋಲ್ಡಿಗೆ ಹುಯ್ಯದ ನೀರು

ನಮ್ಮ ಮನೆ ಮುಂಬಾಗಿಲ ಹೊಸಿಲನ್ನು ನನ್ನಷ್ಟು ಸಲ ತೊಳೆದವರು ಇನ್ನೊಬ್ಬರಿಲ್ಲ. ಹತ್ತು ವರ್ಷದವಳಿದ್ದಾಗ ಹಿಡಿದ ಚೊಂಬು, ಮದುವೆಯಾಗಿ ಕೆ.ಆರ್. ನಗರಕ್ಕೆ ಹೋಗುವವರೆಗೂ ಕೈ ಬಿಡಲಿಲ್ಲ. ದಿನಾ ಬೆಳಿಗ್ಗೆ ನೀರು ಹಾಕಬೇಕು, ಅರಿಶಿನ ಬಳಿಯಬೇಕು, ಕುಂಕುಮ ಇಟ್ಟು ಎರಡೆಳೆ ರಂಗೋಲಿ ಬಿಡಬೇಕು. ಗಟ್ಟಿಮುಟ್ಟಾದ ತಾಯಿ ಮನೆಯಲ್ಲಿರುವಾಗ ಈ ಹುಡುಗಿ ಯಾಕೆ ಹೊಸಿಲು ತೊಳೀತಾಳೆ ಅಂತ ರಸ್ತೆಯಲ್ಲಿ ಹೋಗೋರು ನಿಂತು ಕೇಳೋರು. ನಾನು ಬಾಯಿ ಜೋರಿನವಳು, ಮೇಷ್ಟ್ರಿಗೇ ಎದುರು ಮಾತಾಡಿ ಬೆಂಚಿನ ಮೇಲೆ ನಿಂತವಳು. ಆ ಒಂದು ಮಾತಿಗೆ ಮಾತ್ರ ತಲೆ ತಗ್ಗಿಸಿ ರಂಗೋಲಿ ಎಳೆಯುತ್ತಿದ್ದೆ. ನಮ್ಮವ್ವ ಆ ಬಾಗಿಲಲ್ಲಿ ಓಡಾಡುತ್ತಿರಲಿಲ್ಲ. ತಾನೇ ಬೇಕು ಅಂತ ಹಟ ಹಿಡಿದು ಕಟ್ಟಿಸಿದ ಮನೆ, ಒಂದೊಂದು ಗೆರೆಯನ್ನೂ ತಾನೇ ಎಳೆಸಿದ ಮನೆ. ಅದರ ಮುಂಬಾಗಿಲನ್ನು ಅವಳು ಬದುಕಿರುವಷ್ಟು ದಿನ ದಾಟಲಿಲ್ಲ. ಯಾಕೆ ಅನ್ನೋದಕ್ಕೆ ಊರಿಗೆ ಒಂದು ಕಾರಣ ಗೊತ್ತಿತ್ತು, ನನಗೆ ಇನ್ನೊಂದು ಗೊತ್ತಿತ್ತು. ಅದನ್ನು ಹೇಳೋಕೆ ಈಗ ಕೂತಿದ್ದೇನೆ. ಹೇಳಿದರೆ ಹೊಟ್ಟೆ ತಣ್ಣಗಾಗುತ್ತೆ ಅನ್ನೋ ಆಸೆ ನನಗಿಲ್ಲ.

ಆ ಮನೆಗೆ ಮುಂಚೆ ನಾವಿದ್ದದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಅಂಟಿಕೊಂಡ ಚಾವಡಿಯಲ್ಲಿ. ಕಂಪಲಾಪುರದಿಂದ ಒಂದು ಮೈಲಿ ಈಚೆಗೆ ನಮ್ಮ ಹೊಲ. ಊರೊಳಗಿನ ಹಳೇ ಮನೆ ಪಾಲಾದಾಗ ಅದು ದೊಡ್ಡಪ್ಪನಿಗೆ ಹೋಯಿತು, ಅಜ್ಜಿಯೂ ಅವರ ಜೊತೆಗೇ ಉಳಿದಳು. ಅಪ್ಪನಿಗೆ ಹೊಲವೂ ಬ್ಯಾರನ್ನೂ ಬಂತು. ಚಾವಡಿ ಅಂದರೆ ಮೂರು ಗೋಡೆ, ಮೇಲೊಂದು ಶೀಟು. ನಾಲ್ಕನೇ ಗೋಡೆಯೇ ಬ್ಯಾರನ್ನು. ಒಲೆ ಉರಿಯುವ ತಿಂಗಳುಗಳಲ್ಲಿ ಆ ಗೋಡೆಗೆ ಬೆನ್ನು ಕೊಟ್ಟರೆ ಸುಡುತ್ತಿತ್ತು. ನಾವು ಮಲಗುವ ಜಾಗದ ಅರ್ಧಕ್ಕೆ ಸೊಪ್ಪು ಕಟ್ಟಿದ ಕಡ್ಡಿಗಳು ಬಂದು ಕೂರುತ್ತಿದ್ದವು, ನಾವು ಮೂವರೂ ಉಳಿದರ್ಧದಲ್ಲಿ ಮುದುಡಿಕೊಳ್ಳುತ್ತಿದ್ದೆವು. ಹೊಗೆಸೊಪ್ಪಿನ ಅಂಟು ಎಂಥದ್ದು ಅಂತ ಕಟ್ಟಿದವರಿಗೇ ಗೊತ್ತು. ಕೈಯೆಲ್ಲ ಕಪ್ಪಗೆ ಮೆತ್ತಿಕೊಂಡು, ಎಷ್ಟು ಉಜ್ಜಿದರೂ ಬೆರಳ ಸಂದಿಯಲ್ಲಿ ಉಳಿದು, ಮುದ್ದೆ ಮುರಿದು ಬಾಯಿಗಿಟ್ಟರೆ ಕಹಿ. ಅವ್ವ ಕಟ್ಟಿದ ಮುದ್ದೆಯೂ ಕಹಿ, ಅವ್ವ ಕಲಸಿದ ಅನ್ನವೂ ಕಹಿ. ನಾನು ಹುಟ್ಟಿದ್ದೂ ಅದೇ ಚಾವಡಿಯಲ್ಲಿ, ಬ್ಯಾರನ್ನು ಉರಿಯುತ್ತಿದ್ದಾಗ. ಹುಟ್ಟಿದ ವಾರಕ್ಕೇ ಹತ್ತಿದ ಕೆಮ್ಮು ನನಗೆ ಐದು ವರ್ಷ ತುಂಬುವವರೆಗೂ ಬಿಡಲಿಲ್ಲವಂತೆ. ಹಾಗಾಗಿ ಅವ್ವನಿಗೆ ಮನೆ ಅಂದರೆ ಮೊದಲು ಅಡುಗೆಮನೆ. ಬ್ಯಾರನ್ನಿಗೆ ಬೆನ್ನು ಹಾಕಿದ ಅಡುಗೆಮನೆ, ಅದಕ್ಕೊಂದು ಹಿಂಬಾಗಿಲು, ಆ ಬಾಗಿಲ ಪಕ್ಕ ಒಂದು ಕಲ್ಲು. ಹೊಲದಿಂದ ಬಂದವರು ಆ ಕಲ್ಲಿನ ಮೇಲೆ ನಿಂತು ಕೈ ತೊಳೆದೇ ಒಳಗೆ ಬರಬೇಕು.

ಸುಗ್ಗಿ ಮುಗಿದು ಸೊಪ್ಪು ಮಾರಾಟವಾದ ಮೇಲೆ ಒಂದು ಸಾಯಂಕಾಲ ಅವ್ವ ಅಪ್ಪ ಇಬ್ಬರೂ ಸೇರಿ ಮನೆಯ ಪ್ಲಾನು ಬರೆದರು. ಕಾಗದದ ಮೇಲೆ ಅಲ್ಲ, ನೆಲದ ಮೇಲೆ. ಅಪ್ಪನ ಕೈಯಲ್ಲಿ ಹಾರೆ, ಅವ್ವನ ಕೈಯಲ್ಲಿ ಬೂದಿ ತುಂಬಿದ ಮೊರ. ಮೇಸ್ತ್ರಿ ರಾಚಪ್ಪ ಬೇಲಿ ಪಕ್ಕ ಕೂತು ಬೀಡಿ ಸೇದುತ್ತಾ ನಗುತ್ತಿದ್ದ. ಮಲಗುವ ಕೋಣೆ ಎಷ್ಟು ಉದ್ದ ಅಂತ ಅಪ್ಪ ಕೇಳಿದರೆ ಅವ್ವ ಅಡಿ ಲೆಕ್ಕ ಹೇಳಲಿಲ್ಲ. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಮಲಗೇಬಿಟ್ಟಳು.

“ಮಗ, ನೀನು ನನ್ ಪಕ್ಕ ಮನಿಕೊ. ನೀವೂ ಬನ್ನಿ ಈ ಕಡೀಕೆ. ಮೇಸ್ತ್ರಿ, ನಮ್ ಸುತ್ತ ಗೆರೆ ಎಳ್ಕೊಂಡೋಗು.”

“ಥೂ, ಎದ್ದೇಳಮ್ಮಿ, ಯಾರಾರ ನೋಡುದ್ರೆ ಏನಂದ್ಕೊಂಡಾರು!”

“ಏನಂದ್ಕೊಂತಾರೆ? ಚಾವ್ಡೀಲಿ ಮುದುರ್ಕೊಂಡು ಸಾಯೋರು ಇಲ್ಲಾದ್ರೂ ಕಾಲು ನೀಡ್ಕೊಂಡವ್ರೆ ಅಂತಾರೆ, ಅನ್ಲಿ ಬುಡಿ.”

ಅಪ್ಪ ನಾಚಿಕೆ ಪಟ್ಟುಕೊಂಡೇ ಬಂದು ಮಲಗಿದ. ರಾಚಪ್ಪ ನಗು ತಡೆಯಲಾರದೆ ಬೂದಿಯನ್ನು ಸೊಟ್ಟಸೊಟ್ಟಗೆ ಸುರಿದುಕೊಂಡು ಹೋದ. ನಾನು ಮಧ್ಯದಲ್ಲಿದ್ದೆ. ಒಂದು ಕಡೆ ಅಪ್ಪನ ಬೆವರು, ಇನ್ನೊಂದು ಕಡೆ ಅವ್ವನ ತಲೆಯ ಹರಳೆಣ್ಣೆ, ಮೇಲೆ ಬಾನು. ಇಷ್ಟು ವರ್ಷದ ಬಾಳಿನಲ್ಲಿ ಇದು ನನ್ನ ಮನೆ ಅಂತ ನನಗೆ ಅನ್ನಿಸಿದ್ದು ಆವತ್ತೊಂದೇ ದಿನ, ಗೋಡೆಯೇ ಇಲ್ಲದ ಆ ಕೋಣೆಯಲ್ಲಿ. ಪೂರ್ವದ ಮೂಲೆಯಲ್ಲಿ ಕಿಟಕಿ ಬರುತ್ತೆ, ಅದರ ಕೆಳಗೆ ಮಲಗೋದು ನಾನು ಅಂತ ಅಲ್ಲೇ ಕೂಗಿ ಹೇಳಿದೆ. ಆಯ್ತು, ನಿಂದೇ ಬುಡು ಅಂದಳು ಅವ್ವ.

ಪಾಯ ತೆಗೆದ ಮೇಲೆ ಅವರಿಬ್ಬರಿಗೂ ಹುಚ್ಚು ಹಿಡಿಯಿತು ಅಂತಲೇ ಹೇಳಬೇಕು. ಚಾವಡಿಯಿಂದ ಕೂಗಳತೆ ದೂರ, ಆದರೂ ಸಾಯಂಕಾಲವಾದರೆ ನೆಂಟರ ಮನೆಗೆ ಹೊರಟವರ ಹಾಗೆ ಅವ್ವ ಮುಖ ತೊಳೆದು, ತಲೆ ಬಾಚಿಕೊಂಡು, ಅಪ್ಪನ ಜೊತೆ ಮನೆ ನೋಡೋಕೆ ಹೋಗೋಳು. ಬೆಳಿಗ್ಗೆ ನೋಡಿದ ಗೋಡೆಯನ್ನೇ ಮತ್ತೆ ನೋಡೋರು. ಇವತ್ತು ಎರಡು ವರಸೆ ಎದ್ದದೆ ಅಂತ ಅಪ್ಪ, ಮೂರು ಅಂತ ಅವ್ವ. ಕೈಯಿಟ್ಟು ಎಣಿಸೋರು, ಜಗಳ ಆಡೋರು. ಅಡುಗೆಮನೆಯ ಹಿಂಬಾಗಿಲು ಮುಂಬಾಗಿಲಿಗೆ ನೇರ ಬರಬಾರದು ಅಂತ ರಾಚಪ್ಪ ಹೇಳಿದ್ದಕ್ಕೆ ಅವ್ವ ಎರಡು ದಿನ ಊಟ ಬಿಟ್ಟಳು. ಕೊನೆಗೆ ಒಂದು ಮೊಳ ಪಕ್ಕಕ್ಕೆ ಸರಿಸಿ ಇಬ್ಬರ ಮಾತನ್ನೂ ಉಳಿಸಿದ ಅಪ್ಪ. ಮನೆ ಕಟ್ಟಿ ನೋಡು ಅಂತ ಗಾದೆ ಮಾಡಿದವರು ಕಷ್ಟವನ್ನು ಹೇಳಿದರೇ ಹೊರತು, ಕಟ್ಟುವಾಗ ಗಂಡ ಹೆಂಡಿರು ಎಳೆಯರಾಗುತ್ತಾರೆ ಅಂತ ಯಾಕೆ ಹೇಳಲಿಲ್ಲವೋ.

ಬಾಗಿಲು ನಿಲ್ಲಿಸುವ ಶಾಸ್ತ್ರಕ್ಕೆ ಇನ್ನೂ ಹದಿನೈದು ದಿನ ಇರುವಾಗ ಅವ್ವ ಬೆಳಿಗ್ಗೆ ಎದ್ದು ವಾಂತಿ ಮಾಡೋಕೆ ಶುರು ಮಾಡಿದಳು. ಬಸುರಿ ಇರುವ ಮನೆಯವರು ಹೊಸ ಮನೆಗೆ ಬಾಗಿಲು ನಿಲ್ಲಿಸಬಾರದು ಅನ್ನೋದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತು. ನಿಲ್ಲಿಸಿದರೆ ಆ ಹೊಸಿಲು ಕೂಸನ್ನು ಕೇಳುತ್ತೆ ಅನ್ನುತ್ತಾರೆ. ಹೆರಿಗೆ ಆಗುವವರೆಗೆ ಕಾಯಬೇಕು. ಕಾಯೋದು ಅಂದರೆ ಮಳೆ ಬೀಳುತ್ತೆ, ಹೊಗೆಸೊಪ್ಪಿನ ನಾಟಿ ಬರುತ್ತೆ, ರಾಚಪ್ಪನ ಗುಂಪು ಕೊಡಗಿಗೆ ಕೆಲಸಕ್ಕೆ ಹೊರಟುಬಿಡುತ್ತೆ. ಕೂಸು ಹುಟ್ಟುವ ಹೊತ್ತಿಗೆ ಬ್ಯಾರನ್ನು ಉರಿಯುತ್ತಿರುತ್ತೆ. ಚಾವಡಿಯಲ್ಲಿ ಅವರಿಬ್ಬರೂ ಪಿಸುಮಾತಲ್ಲಿ ಆಡಿದ್ದನ್ನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ನಾನು ಕೇಳಿಸಿಕೊಂಡೆ.

“ಈ ಕೂಸೂ ಈ ಘಾಟಲ್ಲೇ ಹುಟ್ಬೇಕಾ? ನಂಗಾಗಾಕಿಲ್ಲ ಕಣ್ರೀ. ಹೊಸ ಮನೇಲೇ ಹೆರಬೇಕು ನಾನು.”

“ನಮ್ಮವ್ವುಂಗೆ ಗೊತ್ತಾದ್ರೆ?”

“ಯಾರ್ ಹೇಳ್ತಾರೆ? ನೀವ್ ಹೇಳ್ತೀರಾ, ನಾನ್ ಹೇಳ್ತೀನಾ?”

ಆಮೇಲೆ ಇಬ್ಬರಿಗೂ ನನ್ನ ನೆನಪಾಯಿತು. ಬೆಳಿಗ್ಗೆ ಅವ್ವ ನನ್ನನ್ನು ಕೂರಿಸಿಕೊಂಡು ತಲೆ ಬಾಚುತ್ತಾ ಹೇಳಿದಳು: ಅಜ್ಜಿ ಏನು ಕೇಳಿದರೂ ಅವ್ವಂಗೆ ಬಿಸಿಲಿಗೆ ಪಿತ್ತ ಆಗದೆ ಅನ್ನು. ನಮ್ಮಜ್ಜಿಯ ಬಾಯಿ ಎಂಥದ್ದು ಅಂತ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡಪ್ಪನ ಮಗಳು ಹುಟ್ಟಿದ ತಿಂಗಳು ಅವರ ಒಂದು ಎತ್ತು ಸತ್ತಿತು. ಅಷ್ಟಕ್ಕೇ ಆ ಹುಡುಗಿಗೆ ‘ಎತ್ತು ನುಂಗ್ದೋಳು’ ಅಂತ ಹೆಸರಿಟ್ಟಳು ಅಜ್ಜಿ. ನೆಂಟರ ಮುಂದೆ, ಸಂತೆಯಲ್ಲಿ, ಕೊನೆಗೆ ಹೆಣ್ಣು ನೋಡೋಕೆ ಬಂದವರ ಮುಂದೆಯೂ ಅದೇ ಹೆಸರು. ಆ ಅಕ್ಕ ತಲೆ ಎತ್ತಿ ನಡೆದದ್ದನ್ನು ನಾನು ಕಂಡಿಲ್ಲ. ಅಂಥ ಅಜ್ಜಿ ಶಾಸ್ತ್ರದ ದಿನ ಬಂದು ಅವ್ವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಏನಮ್ಮಿ, ತಿಂಗಳ ನೀರು ನಿಂತದಾ ಅಂದಳು. ಇಲ್ಲ ಕಣತ್ತೆ ಅಂದಳು ಅವ್ವ. ಅಜ್ಜಿ ನನ್ನ ಕಡೆ ತಿರುಗಿದಳು. ನಾನು ರೆಪ್ಪೆ ಕೂಡ ಬಡಿಯದೆ ಬಿಸ್ಲಿಗೆ ಪಿತ್ತ ಕಣಜ್ಜಿ ಅಂದೆ. ಮಾವಿನೆಲೆ ಕಟ್ಟಿದ ಚೌಕಟ್ಟು ನಿಂತಿತು, ಅಡಿಯಲ್ಲಿ ನವಧಾನ್ಯ ಬಿತ್ತು, ಅವ್ವ ಹಾಲು ಹುಯ್ದಳು. ಅಪ್ಪ ನನ್ನ ತಲೆ ಸವರಿ ಬೆಲ್ಲ ಕೊಟ್ಟ. ಸುಳ್ಳು ಹೇಳಿದ್ದಕ್ಕೆ ನನಗೆ ಸಿಕ್ಕ ಮೊದಲ ಬೆಲ್ಲ ಅದು.

ಗೋಡೆ ಎದ್ದವು, ಮೇಲೆ ತಾರಸಿಗೆ ಸಿಮೆಂಟಿನ ಮೋಲ್ಡ್ ಹಾಕಿದ್ದಾಯಿತು. ಮೋಲ್ಡ್ ಹಾಕಿದ ದಿನ ಆಳುಗಳಿಗೆಲ್ಲ ಕೋಳಿ ಸಾರು ಮುದ್ದೆ. ಮಾರನೇ ದಿನದಿಂದ ಅದಕ್ಕೆ ನೀರು ಕಟ್ಟಬೇಕು. ಮೇಲೆ ಮಣ್ಣಿನಲ್ಲಿ ಚೌಕ ಚೌಕ ಪಾತಿ ಮಾಡಿ, ಇಪ್ಪತ್ತೊಂದು ದಿನ ಆ ಪಾತಿಗಳಲ್ಲಿ ನೀರು ಒಣಗದಂತೆ ನೋಡಿಕೊಳ್ಳಬೇಕು. ಒಣಗಿದರೆ ಮೋಲ್ಡ್ ಬಿರಿಯುತ್ತೆ, ಮಳೆಗಾಲಕ್ಕೆ ತಲೆ ಮೇಲೆ ಸೋರುತ್ತೆ. ಕರೆಂಟು ಇದ್ದರೆ ಪಂಪಿನ ಪೈಪು, ಇಲ್ಲದಿದ್ದರೆ ತೊಟ್ಟಿಯಿಂದ ಕೊಡದಲ್ಲಿ ಹೊರಬೇಕು. ಬೇಸಿಗೆ ರಜಾ ಇತ್ತು, ಅಪ್ಪ ನನಗೆ ಆ ಕೆಲಸ ಒಪ್ಪಿಸಿದ. ಅವ್ವನಿಗೆ ಅಷ್ಟು ಹೊತ್ತಿಗೆ ಐದನೇ ತಿಂಗಳು. ಹೊಟ್ಟೆ ಕಾಣದ ಹಾಗೆ ಸೆರಗು ಅಗಲಿಸಿ ಹೊದ್ದುಕೊಂಡು ಓಡಾಡುತ್ತಿದ್ದಳು. ಬಸುರಿ ಅಂತ ಹೇಳಿಕೊಳ್ಳಲಾರದವಳು ಕೆಲಸ ಆಗಲ್ಲ ಅಂತಲೂ ಹೇಳೋ ಹಾಗಿಲ್ಲವಲ್ಲ. ಅಜ್ಜಿ ದಿನಾ ಬರೋಳು, ಅವಳೆದುರಿಗೆ ಅವ್ವ ಸೌದೆ ಹೊರೋಳು, ನೀರು ಸೇದೋಳು. ಗೃಹಪ್ರವೇಶ ಆದ ಮಾರನೇ ದಿನ ಎಲ್ಲ ಹೇಳಿಬಿಡೋಣ ಅಂತ ಇಬ್ಬರೂ ಮಾತಾಡಿಕೊಂಡಿದ್ದರು.

ಆವತ್ತು ಅಪ್ಪ ಹುಣಸೂರಿನ ಮರದ ಮಿಲ್ಲಿಗೆ ಹೋಗಿದ್ದ, ಅವ್ವನ ಅಡುಗೆಮನೆಯ ಕಿಟಕಿ ತರೋಕೆ. ಬೆಳಿಗ್ಗೆಯಿಂದ ಪಂಪಿನ ಲೈನಿಗೆ ಕರೆಂಟಿರಲಿಲ್ಲ, ಊರೊಳಗೆ ಮಾತ್ರ ಇತ್ತು. ನಾನು ಅವ್ವನ ಜೊತೆ ಹೊಸ ಕೋಣೆಯಲ್ಲಿ ನಿಂತಿದ್ದೆ. ಮೋಲ್ಡಿಗೆ ಆನಿಸಿದ ಸೆಂಟ್ರಿಂಗ್ ಕಂಬಗಳ ನಡುವೆ ಬಗ್ಗಿ ನಡೆದು ಅವ್ವ ಪೂರ್ವದ ಮೂಲೆಗೆ ಹೋದಳು, ಕಿಟಕಿ ಕೆಳಗಿನ ಗೋಡೆ ಸವರಿದಳು.

“ತೊಟ್ಲು ಇಲ್ಲಿಗೆ ಸರಿಯಾಗ್ತದೆ ಕಣ್ ಮಗ. ಒಳ್ಳೆ ಗಾಳಿ.”

“ಅದು ನನ್ ಜಾಗ.”

“ಕೂಸಲ್ವೇ ಅದು? ನೀನು ದೊಡ್ಡೋಳು, ಒಸಿ ಆ ಕಡೆ ಮನಿಕೊಂಡ್ರೆ ಆಯ್ತು ಬುಡು.”

ಅಷ್ಟೇ ಮಾತು. ಇನ್ನೂ ಕಣ್ಣು ಬಿಡದ ಅದಕ್ಕೆ ನನ್ನ ಕಿಟಕಿ! ಚಾವಡಿಯಲ್ಲಿ ಹೊಗೆ ಕುಡಿದು ಕೆಮ್ಮಿದವಳು ನಾನು, ಸುಳ್ಳು ಹೇಳಿ ಬಾಗಿಲು ನಿಲ್ಲಿಸಿಕೊಟ್ಟವಳು ನಾನು, ಗಾಳಿ ಮಾತ್ರ ಅದಕ್ಕೆ. ನೀರು ಹುಯ್ಯಾಕಿಲ್ಲ ಹೋಗು, ನಿನ್ನ ಕೂಸಿನ ಮನೆಗೆ ನೀನೇ ಹುಯ್ಕೋ ಅಂತ ಮನಸ್ಸಿನಲ್ಲೇ ಅಂದುಕೊಂಡು ಊರೊಳಗಿನ ದೊಡ್ಡಪ್ಪನ ಮನೆಗೆ ಹೋಗಿ ಟಿ.ವಿ. ಮುಂದೆ ಕೂತೆ. ಮಧ್ಯಾಹ್ನದ ಸಿನಿಮಾ ಮುಗಿದು, ಅಜ್ಜಿ ಕೊಟ್ಟ ಹುರಿಗಡಲೆ ಮುಗಿದು, ಬಿಸಿಲು ಇಳಿಯುವ ಹೊತ್ತಿಗೆ ವಾಪಸ್ಸು ಬಂದೆ. ಅವ್ವ ಚಾವಡಿ ಮುಂದೆ ರಾಗಿ ಕೇರುತ್ತಿದ್ದಳು.

“ಮೋಲ್ಡಿಗೆ ಹುಯ್ದೇನ್ ಮಗ?”

“ಹುಯ್ದಿವ್ನಿ ಕಣವ್ವ.”

ಅವಳು ಮೊರ ಇಟ್ಟು ನನ್ನನ್ನು ಒಂದು ಗಳಿಗೆ ನೋಡಿದಳು. ಒಲೆ ಹಚ್ಚಿ ಎಸರಿಡು, ನಾನು ಒಂದ್ ಸಲ ನೋಡ್ಕೊಂಡು ಬತ್ತೀನಿ ಅಂದು ಎದ್ದಳು. ಓಡಿ ಹೋಗಿ ನಾನೇ ಹುಯ್ಯುತ್ತೇನೆ ಅನ್ನಬಹುದಿತ್ತು. ಅನ್ನಲಿಲ್ಲ. ಒಲೆ ಮುಂದೆ ಕೂತು ಊದುಗೊಳವೆ ಊದಿದೆ. ಎಸರು ಕುದಿಯಿತು, ಹಿಟ್ಟು ಹಾಕುವ ಹೊತ್ತಾಯಿತು, ಅವ್ವ ಬರಲಿಲ್ಲ. ಹೊರಗೆ ಬಂದು ನೋಡಿದರೆ ಬಿದಿರ ಏಣಿಯ ಮೇಲೆ ಅವ್ವ. ಸೊಂಟದಲ್ಲಿ ತುಂಬಿದ ಕೊಡ, ಒಂದು ಕೈ ಏಣಿಗೆ. ಹತ್ತಿದಳು, ಮೇಲೆ ಸುರಿದ ಸದ್ದು ಬಂತು, ಇಳಿದಳು, ತೊಟ್ಟಿಗೆ ಹೋದಳು, ಮತ್ತೆ ಹತ್ತಿದಳು. ಎಷ್ಟು ಕೊಡ ಅಂತ ನಾನು ನೋಡಲಿಲ್ಲ, ಒಳಗೆ ಹೋದೆ. ಕತ್ತಲಾಗುವ ಮುಂಚೆ ಅವಳು ಬಂದು ಗೋಡೆಗೆ ಒರಗಿ ಕೂತಳು, ಸೀರೆ ಎದೆವರೆಗೂ ಒದ್ದೆಯಾಗಿತ್ತು.

“ಇವತ್ತು ಬಿಸ್ಲು ಶಾನೆ. ನೀ ಹುಯ್ದದ್ದೆಲ್ಲ ಇಂಗೋಗದೆ. ಇನ್ನೊಸಿ ಹುಯ್ದು ಬಂದೆ ಕಣವ್ವ.”

ಬೆಳಗಿನ ಜಾವ ರಕ್ತ ಹೋಗೋಕೆ ಶುರುವಾಯಿತು. ಬೆಳಕು ಹರಿಯುವಷ್ಟರಲ್ಲಿ ಅಪ್ಪ ಪಕ್ಕದ ಹೊಲದವರ ಟೆಂಪೋದಲ್ಲಿ ಅವ್ವನನ್ನು ಪಿರಿಯಾಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದ. ಚಾವಡಿ ಬಾಗಿಲಲ್ಲಿ ಹಿಂದಿನ ದಿನ ತಂದ ಕಿಟಕಿ ಗೋಡೆಗೆ ಒರಗಿ ನಿಂತಿತ್ತು. ಗಂಡು ಕೂಸಂತೆ. ಮೂರನೇ ದಿನಕ್ಕೆ ಅವ್ವ ಬರಿಗೈಯಲ್ಲಿ ವಾಪಸ್ಸು ಬಂದಳು. ಅಜ್ಜಿಗೆ ಆಗಲೇ ಎಲ್ಲ ಗೊತ್ತಾಗಿತ್ತು. ಚಾಪೆ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅವ್ವನ ತಲೆದೆಸೆಯಲ್ಲಿ ಕೂತು, ಎಲೆಯಡಿಕೆ ಉಗಿದು ಶುರು ಮಾಡಿದಳು.

“ಬಸುರಿ ಹೆಂಗ್ಸು ಏಣಿ ಹತ್ತಿ ನೀರ್ ಹೊರುವಂತದ್ದು ಏನ್ ಬಂದಿತ್ತಮ್ಮಿ? ದಿನಾಲೂ ಈ ಮಗ ಹುಯ್ತಿತ್ತಲ್ಲ? ಅವತ್ತು ಇದು ನಮ್ಮನೇಲಿ ಸಿನ್ಮಾ ನೋಡ್ಕೊಂಡು ಕೂತಿತ್ತು, ನಾನೇ ಕಂಡಿವ್ನಿ. ಏನಮ್ಮಿ, ನೀರು ಹುಯ್ದಿದ್ದಾ ಇಲ್ವಾ ನೀನು?”

ಅಜ್ಜಿ ನನ್ನ ಕಡೆ ತಿರುಗಿದ್ದಳು. ಎತ್ತು ನುಂಗಿದವಳ ಮುಖ ಕಣ್ಣ ಮುಂದೆ ಬಂತು. ತಮ್ಮನ್ನ ನುಂಗ್ದೋಳು ಅನ್ನೋ ಹೆಸರು ಅಜ್ಜಿಯ ಬಾಯೊಳಗೆ ಆಗಲೇ ರೆಡಿಯಾಗಿ ಕೂತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಅಷ್ಟರಲ್ಲಿ ಅವ್ವ ಮೊಣಕೈ ಊರಿ ಎದ್ದು ಕೂತಳು. ಮನೆಗೆ ಬಂದಾಗಿನಿಂದ ಬಾಯಿ ಬಿಡದವಳು ಚಾವಡಿ ಅದುರುವ ಹಾಗೆ ಕೂಗಿದಳು.

“ಅವ್ಳುನ್ಯಾಕ್ ಕೇಳ್ತೀರಿ ಅತ್ತೆ? ನನ್ ಕೇಳಿ! ಬಸುರ್ ಇಟ್ಕೊಂಡು ಬಾಗ್ಲು ನಿಲ್ಸುದ್ನಲ್ಲ, ನಿಮ್ಗೆ ಸುಳ್ ಹೇಳುದ್ನಲ್ಲ, ಆ ಬಾಗ್ಲೇ ನುಂಗ್ತು ನನ್ ಕೂಸ. ಇನ್ ನಾನ್ ಸಾಯೋಗಂಟ ಆ ಬಾಗ್ಲು ದಾಟಾಕಿಲ್ಲ.”

ಅಜ್ಜಿ ನನ್ನನ್ನು ಮರೆತೇಬಿಟ್ಟಳು. ಶಾಸ್ತ್ರ ಮೀರಿದ್ದು ಅವಳಿಗೆ ಸಿನಿಮಾಗಿಂತ ದೊಡ್ಡ ತಪ್ಪು. ಮೂರು ದಿನ ಅವ್ವನನ್ನು ಕೂತಲ್ಲಿ ನಿಂತಲ್ಲಿ ಬೈದಳು, ಊರಿಗೆಲ್ಲ ಹೇಳಿಕೊಂಡು ಬಂದಳು. ಕಂಬದ ಮರೆಯಲ್ಲಿ ನಿಂತಿದ್ದ ನನಗೆ ಆದ ಸಮಾಧಾನವನ್ನು ನೆನೆದರೆ ಇವತ್ತಿಗೂ ನನ್ನ ಮೈ ಮೇಲೆ ನನಗೇ ಅಸಹ್ಯ. ತಪ್ಪಿಸಿಕೊಂಡೆ ಅಂದುಕೊಂಡೆ! ಅವ್ವ ಪಾಪ, ಬಾಗಿಲದ್ದೇ ತಪ್ಪು ಅಂತ ನಂಬಿಕೊಂಡಿದ್ದಾಳೆ, ಮೋಲ್ಡಿನ ನೀರು ಬಿಸಿಲಿಗೆ ಇಂಗಿತು ಅಂದುಕೊಂಡಿದ್ದಾಳೆ ಅಂದುಕೊಂಡೆ.

ಗೃಹಪ್ರವೇಶದ ದಿನ ಹಸು ಕರು ಮುಂದೆ ಹೋದವು, ಅಪ್ಪ ಒಬ್ಬನೇ ಬಲಗಾಲಿಟ್ಟು ಒಳಗೆ ಹೋದ. ಗಂಡ ಹೆಂಡತಿ ಜೊತೆಯಲ್ಲಿ ದಾಟಬೇಕಾದ ಹೊಸಿಲು. ಅವ್ವ ಮದುವೆ ಸೀರೆ ಉಟ್ಟುಕೊಂಡು ಮನೆ ಸುತ್ತಿ ಬಂದು, ಕಲ್ಲಿನ ಮೇಲೆ ಕೈ ತೊಳೆದು, ಹಿಂಬಾಗಿಲಿಂದ ಅಡುಗೆಮನೆಗೆ ಬಂದು ಹಾಲುಕ್ಕಿಸಿದಳು. ಬಂದವರು ಪಾಯಸ ಉಣ್ಣುತ್ತಾ ಗುಸುಗುಸು ಮಾತಾಡಿದರು. ಮಾರನೇ ದಿನ ಬೆಳಿಗ್ಗೆ ಅವ್ವ ಚೊಂಬನ್ನು ನನ್ನ ಕೈಗೆ ಕೊಟ್ಟು ಹೊಸಿಲು ತೊಳಿ ಹೋಗವ್ವ ಅಂದಳು. ತೊಳೆದೆ, ತೊಳೆಯುತ್ತಲೇ ಇದ್ದೆ. ಸಾಯಂಕಾಲ ಮನೆ ನೋಡೋಕೆ ಹೊರಡುತ್ತಿದ್ದ ಆ ಇಬ್ಬರು ಎಲ್ಲಿ ಹೋದರೋ ಗೊತ್ತಿಲ್ಲ. ಅದೇ ಅಪ್ಪ, ಅದೇ ಅವ್ವ, ಆದರೆ ಗೋಡೆ ಸವರಿ ಜಗಳ ಆಡಿದವರು ಅವರಲ್ಲ. ಪೂರ್ವದ ಕಿಟಕಿ ಕೆಳಗಿನ ಜಾಗ ನನಗೇ ಉಳಿಯಿತು. ಅಲ್ಲಿ ಮಲಗಿದರೆ ಒಳ್ಳೆ ಗಾಳಿ ಬರುತ್ತಿತ್ತು, ನಿದ್ದೆ ಬರುತ್ತಿರಲಿಲ್ಲ. ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರಲ್ಲ, ಅವ್ವ ಸುಮ್ಮನೆ ನನ್ನ ಕಡೆ ನೋಡಿದರೂ ನಾನು ಏನೋ ಕೆಲಸ ನೆಪ ಮಾಡಿಕೊಂಡು ಎದ್ದು ಹೋಗುತ್ತಿದ್ದೆ. ಹೇಳಿಬಿಟ್ಟರೆ ಅವಳು ಬಾಗಿಲ ಭಯದಿಂದ ಬಿಡುಗಡೆ ಆಗುತ್ತಾಳೆ, ಹೇಳಿದರೆ ನಾನು ಅವಳಿಗೆ ಮಗಳಾಗಿ ಉಳಿಯೋದಿಲ್ಲ. ಈ ತಕ್ಕಡಿಯಲ್ಲಿ ನಾನು ಯಾವಾಗಲೂ ನನ್ನ ಕಡೆಗೇ ತೂಗಿದೆ. ಬೇರೆಯವರ ವಿಷಯದಲ್ಲಿ ಬಾಯಿ ಜೋರಾದದ್ದೂ ಇದರಿಂದಲೇ ಇರಬೇಕು. ಯಾರಾದರೂ ನನ್ನತ್ತ ಬೆರಳು ತೋರಿಸುವ ಮೊದಲೇ ನಾನು ಜಗಳಕ್ಕೆ ನಿಲ್ಲುತ್ತಿದ್ದೆ.

ಮದುವೆಗೆ ಎರಡು ದಿನ ಇರುವಾಗ ಧೈರ್ಯ ಮಾಡಿದೆ. ಅವ್ವ ಹಿತ್ತಲ ಒಲೆಯಲ್ಲಿ ನನಗೆ ಎಣ್ಣೆ ನೀರಿಗೆ ಹಂಡೆ ಕಾಯಿಸುತ್ತಿದ್ದಳು.

“ಅವ್ವಾ, ಒಂದ್ ಮಾತದೆ. ಆವತ್ತು ಮೋಲ್ಡಿಗೆ...”

“ನೀರ್ ಕಾದವೆ, ಆರೋಯ್ತವೆ. ಮೊದ್ಲು ತಲೆಗ್ ಹುಯ್ಕೊ ಹೋಗು.”

ಅಂದು ಕೆಂಡ ಕೆದಕುತ್ತಾ ಆ ಕಡೆ ತಿರುಗಿದಳು. ನಾನು ಎದ್ದು ಹೋದೆ. ಹೆಣ್ಣು ಕಳಿಸುವ ದಿನ ನಾನು ಮುಂಬಾಗಿಲಿಂದ ಹೊರಗೆ ಬಂದಾಗ ಅವ್ವ ಹಿಂದಿನಿಂದ ಸುತ್ತಿಕೊಂಡು ಓಡಿ ಬಂದು ಅಂಗಳದಲ್ಲಿ ನಿಂತು ಮಡಿಲಕ್ಕಿ ಹಾಕಿದಳು. ಓಡಿ ಬಂದ ಏದುಸಿರು ಅವಳಿಗೆ ಇನ್ನೂ ನಿಂತಿರಲಿಲ್ಲ.

ಅವ್ವ ಹೋದದ್ದು ಹೋದ ವರ್ಷ, ಬ್ಯಾರನ್ನು ಉರಿಯುವ ಕಾಲದಲ್ಲಿ. ಅಪ್ಪ ಫೋನು ಮಾಡಿ ಬಾ ಮಗ ಅಂದ, ಅಷ್ಟಕ್ಕೇ ನನಗೆ ಗೊತ್ತಾಯಿತು. ನಾನು ಕೆ.ಆರ್. ನಗರದಿಂದ ಬರುವಷ್ಟರಲ್ಲಿ ನಡುಮನೆಯಲ್ಲಿ ಮಲಗಿಸಿದ್ದರು. ಜನ ಸೇರಿದರು, ಸ್ನಾನ ಆಯಿತು, ಹೂವು ಆಯಿತು. ಹೊರಗೆ ಚಟ್ಟ ಸಿದ್ಧವಾಗಿ ಮುಂಬಾಗಿಲಿಗೆ ಎತ್ತೋಣ ಅಂತ ನಾಲ್ಕು ಜನ ಬಗ್ಗಿದರು. ನನಗೆ ಅದೇನು ಬಂತೋ, ಹೋಗಿ ಬಾಗಿಲಿಗೆ ಅಡ್ಡ ನಿಂತುಬಿಟ್ಟೆ. ಈ ಬಾಗ್ಲಲ್ಲಿ ಬ್ಯಾಡ, ಅವ್ಳು ಒಂದಿನಾನೂ ದಾಟಿಲ್ಲ, ಹಿಂದಿಂದ ತಗೊಂಡೋಗಿ ಅಂತ ಅರಚಿದೆ. ಹಿತ್ಲು ಬಾಗ್ಲಲ್ಲಿ ಹೆಣ ತೆಗೀತಾರೇನಮ್ಮಿ ಅಂತ ಹಿರಿಯರು ರೇಗಿದರು. ಅಪ್ಪ ಎದ್ದು ಬಂದ. ಎಂಬತ್ತರ ಹತ್ತಿರದ ಮನುಷ್ಯ, ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದ. ಅಲ್ಲಿ ಅವ್ವನ ಕಿಟಕಿ ಮುಂದೆ ನಿಂತು ನಾನು ಎಲ್ಲ ಉಗುಳಿದೆ. ಬಾಗಿಲದ್ದು ತಪ್ಪಲ್ಲ ಕಣಪ್ಪ, ನಂದು. ಆವತ್ತು ನಾನು ಒಂದು ಚೊಂಬು ನೀರೂ ಹುಯ್ದಿರಲಿಲ್ಲ. ಸುಳ್ಳು ಹೇಳಿದೆ. ತಮ್ಮನ್ನ ಕೊಂದೋಳು ನಾನು. ಅವ್ವಂಗೆ ಹೇಳದೆ ಕಳಿಸಿಬಿಟ್ಟೆ.

ಅಪ್ಪನ ಮುಖದಲ್ಲಿ ಆಶ್ಚರ್ಯ ಕಾಣಲಿಲ್ಲ.

“ಅವ್ಳಿಗೆ ಗೊತ್ತಿತ್ತು ಕಣ್ ಮಗ.”

“ಏನ್ ಗೊತ್ತಿತ್ತು?”

“ನೀನ್ ಹುಯ್ದಿರ್ನಿಲ್ಲ ಅಂತ. ಪಾತಿ ಮಣ್ಣೆಲ್ಲ ಬಿರುಕ್ ಬಿಟ್ಟಿತ್ತಂತೆ, ಕೊಡದ ತಳ ಒಣಗಿತ್ತಂತೆ. ಆಸ್ಪತ್ರೇಲೇ ನಂಗೇಳುದ್ಲು. ನಾನು ನಿಂಗೆ ಎರಡು ಬಾರುಸ್ತೀನಿ ಅಂತ ಎದ್ರೆ ಕಾಲ್ ಕಟ್ಕೊಂಡ್ಲು. ಅತ್ತೆ ಬಾಯಿಗೆ ಸಿಕ್ದ್ರೆ ಮಗ ಬದುಕಾಕಿಲ್ಲ, ತಪ್ಪ ಬಾಗ್ಲು ಮೇಲೆ ಹಾಕುವ ಅಂದ್ಲು. ಬಾಗ್ಲಿಗೆ ಎಷ್ಟ್ ಬೈದ್ರೂ ಬಾಗ್ಲು ಅಳಾಕಿಲ್ವಲ್ಲ, ಅಂದ್ಲು.”

“ಅಜ್ಜಿ ಸತ್ತು ಇಪ್ಪತ್ತು ವರ್ಷ ಆಯ್ತಲ್ಲಪ್ಪಾ...”

“ನಾನೂ ಅದುನ್ನೇ ಅಂದೆ. ಇನ್ಯಾರ್ ಭಯ ಅಮ್ಮಿ, ಬಾ, ಒಂದ್ಸಲ ಜೊತೇಲಿ ದಾಟುವ ಅಂತ ಕೈ ಹಿಡ್ದು ಕರುದ್ರೆ ಬರ್ನಿಲ್ಲ. ನಾನೀಗ ದಾಟುದ್ರೆ, ಬಾಗ್ಲುದ್ದಲ್ಲ ತಪ್ಪು, ನಂದೇ ಅಂತ ಮಗ ಅನ್ಕೊಂಬುಡ್ತದೆ ಅಂದ್ಲು. ಹೇಳ್ಬ್ಯಾಡಿ ಅಂತ ಆಣೆ ಇಸ್ಕೊಂಡಿದ್ಲು. ಇವತ್ತು ಮುರ್ದೆ.”

ನಾನು ಇಷ್ಟು ವರ್ಷ ಅವಳಿಂದ ಮುಚ್ಚಿಟ್ಟೆ ಅಂದುಕೊಂಡದ್ದನ್ನು ಅವಳು ಇಷ್ಟು ವರ್ಷ ನನ್ನಿಂದ ಮುಚ್ಚಿಟ್ಟಿದ್ದಳು. ಎಣ್ಣೆ ನೀರಿನ ದಿನ ಮಾತು ತಿರುಗಿಸಿದ್ದು, ಚೊಂಬನ್ನು ನನ್ನ ಕೈಗೆ ಕೊಟ್ಟದ್ದು, ಅಂಗಳ ಸುತ್ತಿ ಓಡಿ ಬಂದದ್ದು, ಎಲ್ಲ ಒಟ್ಟಿಗೆ ಬಂದು ಎದೆಗೆ ಗುದ್ದಿದವು. ತನ್ನ ಕನಸಿನ ಮನೆಯಲ್ಲಿ ಆಳಿನ ಹಾಗೆ ಹಿಂಬಾಗಿಲಿಂದ ಓಡಾಡಿಕೊಂಡು ಮುಗಿಸಿಬಿಟ್ಟಳಲ್ಲ ನನ್ನವ್ವ, ನನಗೋಸ್ಕರ. ಒಂದು ಮಾತು, ಒಂದೇ ಒಂದು ಮಾತು ನಾನು ಬಾಯಿ ಬಿಟ್ಟಿದ್ದರೆ ಇಬ್ಬರೂ ಕೂತು ಅತ್ತು ಮುಗಿಸಬಹುದಿತ್ತು. ಈಗ ಯಾರ ಮುಂದೆ ಅಳಲಿ?

ನಡುಮನೆಗೆ ಬಂದು ಮುಂಬಾಗಿಲು ಬಿಟ್ಟು ಪಕ್ಕಕ್ಕೆ ನಿಂತೆ. ಎತ್ತಿದರು. ಅಪ್ಪ ಅವ್ವನ ಪಕ್ಕಕ್ಕೆ ಹೋಗಿ, ಹೊದಿಕೆಯೊಳಗಿನ ಅವಳ ಕೈ ಇರುವ ಜಾಗದ ಮೇಲೆ ತನ್ನ ಕೈಯಿಟ್ಟು, ಬಲಗಾಲು ಮುಂದಿಟ್ಟು ಅವಳ ಜೊತೆಗೇ ಹೊಸಿಲು ದಾಟಿದ. ಗಂಡಸರು ಹೊಲದ ಕಡೆ ಹೊರಟುಹೋದರು. ಹೆಣ ಎತ್ತಿದ ಮೇಲೆ ಮನೆ ತೊಳೆಯಬೇಕು, ಅದು ಹೆಂಗಸರ ಕೆಲಸ. ಯಾರೋ ಬಕೆಟ್ಟು ತಂದರು, ಬೇಡ ಅಂದೆ. ತೊಟ್ಟಿಗೆ ಹೋಗಿ ಕೊಡ ತುಂಬಿ ಸೊಂಟಕ್ಕಿಟ್ಟುಕೊಂಡು ಬಂದೆ. ಹೊಸಿಲ ಮೇಲೆ ಸುರಿದೆ, ಮತ್ತೆ ಹೋದೆ, ಮತ್ತೆ ತಂದೆ. ಸಾಕು ನಿಲ್ಸಮ್ಮಿ, ಎಷ್ಟ್ ಹುಯ್ತೀಯ ಅಂದರು ಯಾರೋ. ಸೀರೆ ಎದೆವರೆಗೂ ಒದ್ದೆಯಾಗುವವರೆಗೆ ಹೊತ್ತೆ. ಆಮೇಲೆ ಖಾಲಿ ಕೊಡ ಹಿಡಿದುಕೊಂಡು ಅಂಗಳದಲ್ಲಿ ನಿಂತು, ಅವಳು ಹೋದ ದಾರಿಯ ಕಡೆ ನೋಡಿ ಹೇಳಿದೆ.

“ಹುಯ್ದಿವ್ನಿ ಕಣವ್ವ.”